ಚರ್ಚಿನ ಸೇವಾ ತಂಡ: ಮನೆ ಬಾಗಿಲಿನಿಂದ ಶುರು ಮಾಡುವುದು ಹೇಗೆ

1617ರಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನ ಚರ್ಚಿನಲ್ಲಿ ವಿನ್ಸೆಂಟ್ ದೆ ಪಾವ್ಲ್ ಎಂಬ ಗುರುಗಳಿದ್ದರು. ಒಂದು ಭಾನುವಾರ ಪೂಜೆಗೆ ಸಿದ್ಧರಾಗುತ್ತಿದ್ದಾಗ ಒಂದು ಸುದ್ದಿ ಬಂತು. ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದು. ಅವರು ಪ್ರವಚನದಲ್ಲಿ ಅದನ್ನೇ ಹೇಳಿದರು. ಮಧ್ಯಾಹ್ನ ಆ ಮನೆಯ ಕಡೆ ಹೊರಟರೆ ದಾರಿ ತುಂಬಾ ಹೆಂಗಸರು, ಎಲ್ಲರೂ ಅದೇ ಮನೆಗೆ ಊಟ ಒಯ್ಯುವವರು. ಅವರಿಗೆ ಸಂತೋಷವಾಯಿತು. ಚಿಂತೆಯೂ ಆಯಿತು. ಇವತ್ತು ಬಂದ ಊಟ ನಾಳೆಗೆ ಹಳಸುತ್ತದೆ, ಆಮೇಲೆ ಆ ಮನೆ ಮತ್ತೆ ಉಪವಾಸ ಬೀಳುತ್ತದೆ. ಅದಕ್ಕೇ ಅವರು ಹೆಂಗಸರನ್ನು ಒಟ್ಟು ಸೇರಿಸಿ ದಿನಕ್ಕೊಬ್ಬರ ಸರದಿ ಹಾಕಿದರು.

ನಮ್ಮ ಚರ್ಚುಗಳಿಗೂ ಬೇಕಾಗಿರುವುದು ಆ ಸರದಿಯೇ. ಕೊಡುವ ಮನಸ್ಸಿಗೆ ನಮ್ಮಲ್ಲಿ ಬರವಿಲ್ಲ. ಹಬ್ಬ ಬಂದರೆ ಚೀಲಗಟ್ಟಲೆ ಅಕ್ಕಿ ಬರುತ್ತದೆ. ಆದರೆ ತಿಂಗಳು ತಿಂಗಳು ಅದೇ ಮನೆಗೆ ಹೋಗಿ, ಕೂತು, ಕೇಳಿ ಬರುವವರು ಕಡಿಮೆ. ಈ ಲೇಖನ ಅಂಥ ತಂಡ ಕಟ್ಟಬೇಕು ಎಂದಿರುವವರಿಗೆ. ನಾನು ಬರೆಯುತ್ತಿರುವುದು ದಕ್ಷಿಣ ಕನ್ನಡದ ಕಥೋಲಿಕ ಧರ್ಮಕೇಂದ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥಡಿಸ್ಟ್ ಅಥವಾ ಬೇರೆ ಸಭೆಗಳಲ್ಲಿ ಹೆಸರುಗಳು ಬೇರೆ ಇರಬಹುದು, ಕೆಲಸ ಇದೇ.

ಮೊದಲು ಕೇಳಿ: ಈ ಕೆಲಸ ಆಗಲೇ ಯಾರಾದರೂ ಮಾಡುತ್ತಿದ್ದಾರಾ?

ಹೊಸ ತಂಡಕ್ಕೆ ಹೆಸರಿಡುವ ಮೊದಲು ವಿಚಾರಣಾ ಗುರುಗಳ ಹತ್ತಿರ ಅಥವಾ ಸಭಾಪಾಲಕರ ಹತ್ತಿರ ಕೂತು ಮಾತಾಡಿ. ಬಹಳಷ್ಟು ಕಥೋಲಿಕ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಈಗಾಗಲೇ ಇದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಎಂಬ ವಿದ್ಯಾರ್ಥಿ ತನ್ನ ಕೆಲವು ಗೆಳೆಯರ ಜೊತೆ ಸೇರಿ ಇದನ್ನು ಶುರು ಮಾಡಿದರು. ಆಗ ಅವರಿಗಿನ್ನೂ 20 ವರ್ಷ. ಬಡವರ ಮನೆಗೆ ಹೇಗೆ ಹೋಗಬೇಕು ಎಂಬುದನ್ನು ಈ ಹುಡುಗರಿಗೆ ಕಲಿಸಿದವರು ರೊಜಾಲಿ ರೆಂದು ಎಂಬ ಸಿಸ್ಟರ್. ಈ ಸಭೆಯ ಮುಖ್ಯ ಕೆಲಸ ಇವತ್ತಿಗೂ ಅದೇ: ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುವುದು.

ನಿಮ್ಮಲ್ಲಿ ಆ ಸಭೆ ಇದ್ದರೆ ಅದಕ್ಕೇ ಸೇರಿ. ಹಳಬರು ನಾಲ್ಕೇ ಜನ ಉಳಿದಿರಬಹುದು, ಎಲ್ಲರಿಗೂ ವಯಸ್ಸಾಗಿರಬಹುದು. ಆದರೆ ಯಾವ ಮನೆಯಲ್ಲಿ ಏನು ಕಷ್ಟ ಎಂಬುದು ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ. ಸ್ತ್ರೀ ಸಂಘಟನೆಯವರನ್ನೂ ಯುವಜನರ ಸಂಘಟನೆಯವರನ್ನೂ ಕೇಳಿ. ಒಂದೇ ಮನೆಗೆ ಮೂರು ಸಂಘಟನೆಗಳು ಅಕ್ಕಿ ಕೊಟ್ಟು ಪಕ್ಕದ ಮನೆಯನ್ನು ಯಾರೂ ನೋಡದೆ ಇರುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಮೊದಲ ಶತಮಾನದ ಸಭೆಗೂ ಇದೇ ತೊಂದರೆ ಬಂದಿತ್ತು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಎಂಬ ದೂರು ಬಂದದ್ದು, ಅದಕ್ಕಾಗಿ ಏಳು ಜನರನ್ನು ಆರಿಸಿದ್ದು ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲೇ ಇದೆ.

ತಂಡಕ್ಕೆ ಆರರಿಂದ ಎಂಟು ಜನ ಸಾಕು. ಅದರಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ. ನಿವೃತ್ತ ನರ್ಸ್ ಒಬ್ಬರು ಸಿಕ್ಕರೆ ಬಹಳ ಅನುಕೂಲ. ಸರ್ಕಾರಿ ಕಚೇರಿಯ ಅರ್ಜಿ, ದಾಖಲೆ ಗೊತ್ತಿರುವವರು ಒಬ್ಬರು ಬೇಕೇ ಬೇಕು. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಯಾರಿಗೆ ಕಷ್ಟ ಇದೆ ಎಂದು ತಿಳಿಯುವುದು

"ಕಷ್ಟದಲ್ಲಿರುವವರು ಚರ್ಚ್ ಆಫೀಸಿಗೆ ಬಂದು ಹೆಸರು ಕೊಡಿ" ಎಂದು ಪೂಜೆಯ ಕೊನೆಗೆ ಪ್ರಕಟಣೆ ಓದಿದರೆ ಬರುವವರು ಕೇಳಿ ಅಭ್ಯಾಸ ಇರುವವರು. ನಿಜವಾಗಿ ಸೋತವರು ಬರುವುದಿಲ್ಲ. ಎಷ್ಟೋ ಜನ ಚರ್ಚಿಗೆ ಬರುವುದನ್ನೇ ಬಿಟ್ಟಿರುತ್ತಾರೆ. ಒಳ್ಳೆಯ ಬಟ್ಟೆ ಇಲ್ಲ, ಆಟೋಗೆ ದುಡ್ಡಿಲ್ಲ, ಕಾಣಿಕೆ ಚೀಲ ಮುಂದೆ ಬಂದಾಗ ಹಾಕಲು ಏನೂ ಇಲ್ಲ. ಈ ಕಾರಣಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾಗಿ ನೀವೇ ಹುಡುಕಬೇಕು. ಪ್ರತಿ ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಗುರ್ಕಾರರ (ಮುಖ್ಯಸ್ಥರ) ಜೊತೆ ಒಂದು ಸಂಜೆ ಕೂತು ಮನೆ ಮನೆ ನೆನಪಿಸಿಕೊಳ್ಳಿ. ಮೊದಲು ಬರುತ್ತಿದ್ದು ಈಗ ಬಾರದವರು ಯಾರು? ಒಂಟಿಯಾಗಿರುವ ಹಿರಿಯರು ಯಾರು? ಇತ್ತೀಚೆಗೆ ಸಾವು, ಆಪರೇಷನ್ ಅಥವಾ ಕೆಲಸ ಹೋದದ್ದು ಯಾರ ಮನೆಯಲ್ಲಿ? ಆಮೇಲೆ ಚರ್ಚಿನ ಹೊರಗಿನವರನ್ನು ಕೇಳಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನ್ಯಾಯಬೆಲೆ ಅಂಗಡಿಯವರು, ಮೆಡಿಕಲ್ ಶಾಪಿನವರು. ಮಾತ್ರೆಯನ್ನು ಅರ್ಧ ಸ್ಟ್ರಿಪ್ ಮಾತ್ರ ಕೊಂಡುಕೊಳ್ಳುವವರು ಯಾರು ಎಂದು ಮೆಡಿಕಲ್‌ನವರಿಗೆ ಗೊತ್ತಿರುತ್ತದೆ. ಹೆಸರು ಹೇಳಿ ಎಂದು ಅವರನ್ನು ಒತ್ತಾಯಿಸಬೇಡಿ. "ಅಂಥವರಿದ್ದರೆ ಅವರನ್ನೇ ಕೇಳಿ, ನಾವು ಬರಬಹುದಾ ಅಂತ" ಎಂದು ನಂಬರ್ ಕೊಟ್ಟು ಬನ್ನಿ.

ಕರಾವಳಿಯಲ್ಲಿ ಎರಡು ಬಗೆಯ ಮನೆಗಳನ್ನು ನಾವು ಸುಲಭವಾಗಿ ತಪ್ಪಿಸಿಬಿಡುತ್ತೇವೆ.

ಒಂದು, ದೊಡ್ಡ ಮನೆಯ ಒಳಗಿನ ಒಂಟಿ ಹಿರಿಯರು. ಮಕ್ಕಳು ಗಲ್ಫ್‌ನಲ್ಲೋ ಕೆನಡಾದಲ್ಲೋ ಇದ್ದಾರೆ. ಗೇಟು, ಗ್ರಾನೈಟು ಎಲ್ಲಾ ಇದೆ. ಆದರೆ ಅಡುಗೆ ಮಾಡಲು ಕೈ ನಡುಗುತ್ತದೆ, ಬ್ಯಾಂಕಿಗೆ ಹೋಗಲು ಕಾಲು ಬರುವುದಿಲ್ಲ. ಇವರಿಗೆ ಅಕ್ಕಿ ಬೇಡ, ಜನ ಬೇಕು.

ಇನ್ನೊಂದು, ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳು. ಮಂಗಳೂರಿನ ಸುತ್ತ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಕುಟುಂಬಗಳು ತುಂಬಾ ಇವೆ. ಒಡಿಶಾ, ಜಾರ್ಖಂಡ್ ಕಡೆಯವರೂ ಇದ್ದಾರೆ. ಇವರು ಯಾವ ವಾಳೆಯ ಪಟ್ಟಿಯಲ್ಲೂ ಇರುವುದಿಲ್ಲ. ಮಕ್ಕಳು ಶಾಲೆ ಬಿಟ್ಟಿರುತ್ತಾರೆ. ಊರಿನಲ್ಲಿರುವ ರೇಷನ್ ಕಾರ್ಡಿನಲ್ಲಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆರಳು ಒತ್ತಿ ಅಕ್ಕಿ ಪಡೆಯಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದನ್ನು ತಿಳಿಸಿ, ಒಮ್ಮೆ ಜೊತೆಗೆ ಹೋಗಿ ಕೊಡಿಸಿದರೆ ನಿಮ್ಮ ದಿನಸಿ ಕಿಟ್‌ಗಿಂತ ದೊಡ್ಡ ಸಹಾಯ ಆಗುತ್ತದೆ.

ಮೊದಲ ಭೇಟಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇಲ್ಲಿ ಅವಸರ ಮಾಡಬೇಡಿ.

ಇಬ್ಬರೇ ಹೋಗಿ. ಒಬ್ಬರು ಹೋದರೆ ಸುರಕ್ಷಿತವಲ್ಲ, ನಾಲ್ವರು ಹೋದರೆ ತನಿಖೆಗೆ ಬಂದಂತೆ ಕಾಣುತ್ತದೆ. ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಮೊದಲೇ ಹೇಳಿ ಕಳುಹಿಸಿ. ಊಟದ ಹೊತ್ತಿಗೆ ಹೋಗಬೇಡಿ. ಮನೆಯಲ್ಲಿ ಬೇಯಿಸಲು ಏನೂ ಇಲ್ಲದಿದ್ದರೆ ಅವರಿಗೆ ಮುಜುಗರ.

ಮೊದಲ ಸಲ ಅಕ್ಕಿ ಚೀಲ ಹೊತ್ತುಕೊಂಡು ಹೋಗಬೇಡಿ. ಇದನ್ನು ಕೆಲವರು ಒಪ್ಪುವುದಿಲ್ಲ, ಬರಿಗೈಯಲ್ಲಿ ಹೇಗೆ ಹೋಗುವುದು ಎನ್ನುತ್ತಾರೆ. ನಾಲ್ಕು ಬಾಳೆಹಣ್ಣು ಅಥವಾ ಒಂದು ಪ್ಯಾಕೆಟ್ ಬಿಸ್ಕತ್ತು ಒಯ್ಯಿರಿ, ನೆಂಟರ ಮನೆಗೆ ಹೋಗುವಾಗ ಒಯ್ಯುವ ಹಾಗೆ. ಚೀಲ ಒಯ್ದರೆ ಆ ಮನೆಯವರು ಅವತ್ತಿನಿಂದ ತೆಗೆದುಕೊಳ್ಳುವವರು, ನೀವು ಕೊಡುವವರು. ಆಮೇಲೆ ಆಡುವ ಮಾತೆಲ್ಲಾ ಅದೇ ಲೆಕ್ಕದಲ್ಲಿ ಹೋಗುತ್ತದೆ. ತುಂಬಾ ಹಸಿವಿದೆ ಎಂದು ಗೊತ್ತಿದ್ದರೆ ಬೇರೆ ಮಾತು. ಆಗ ಮೊದಲು ಊಟ.

ಕೂರಲು ಹೇಳಿದರೆ ಕೂರಿ. ಚಾಪೆ ಹಾಸಿದರೆ ಚಾಪೆಯ ಮೇಲೆ. ಕಪ್ಪು ಚಹಾ ಕೊಟ್ಟರೆ ಕುಡಿಯಿರಿ, "ಬೇಡ ಬೇಡ, ಸುಮ್ನೆ ಯಾಕೆ ತೊಂದರೆ" ಎನ್ನಬೇಡಿ. ಅವರು ಕೊಡುವ ಸರದಿ ಅದು. ಅಜ್ಜಿ, ಅಕ್ಕ, ಅಣ್ಣ ಎಂದು ಕರೆಯಿರಿ. ವಯಸ್ಸಾದವರನ್ನು ಏಕವಚನದಲ್ಲಿ ಮಾತಾಡಿಸಬೇಡಿ, ಅವರು ಕೂಲಿ ಮಾಡುವವರಾದರೂ ಸರಿ. ಬಡವರಿಗೆ ನಮ್ಮ ಬಾಯಿಂದ "ನೀನು" ಬೇಗ ಬಂದುಬಿಡುತ್ತದೆ. ಅದು ಅವರ ಮನಸ್ಸಿಗೆ ತಾಗುತ್ತದೆ.

"ನಿಮಗೆ ಏನು ಬೇಕು?" ಎಂದು ನೇರ ಕೇಳಿದರೆ "ಏನೂ ಬೇಡ" ಎನ್ನುತ್ತಾರೆ, ಇಲ್ಲವೇ ನಿಮ್ಮ ಹತ್ತಿರ ಇರಬಹುದು ಎಂದು ತೋರಿದ್ದನ್ನು ಕೇಳುತ್ತಾರೆ. ಬದಲಿಗೆ ದಿನದ ಮಾತು ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ನೀರು ಎಲ್ಲಿಂದ ತರುತ್ತೀರಿ, ರಾತ್ರಿ ನಿದ್ದೆ ಬರುತ್ತದಾ, ಮಗ ಫೋನ್ ಮಾಡುತ್ತಾನಾ. ಈ ಮಾತುಗಳ ನಡುವೆ ಕಷ್ಟ ತಾನಾಗಿ ಹೊರಗೆ ಬರುತ್ತದೆ. ಕಣ್ಣೂ ನೋಡುತ್ತಿರಲಿ. ಸೋರುವ ಹೆಂಚಿನ ಕೆಳಗೆ ಇಟ್ಟ ಪಾತ್ರೆ, ಖಾಲಿ ಮಾತ್ರೆ ಪಟ್ಟಿ, ಬಚ್ಚಲಿಗೆ ಹೋಗುವ ಮೆಟ್ಟಿಲಿಗೆ ಹಿಡಿಯಲು ಏನೂ ಇಲ್ಲದಿರುವುದು. ನೋಡಿದ್ದೀರಿ ಎಂದು ತೋರಿಸಿಕೊಳ್ಳಬೇಡಿ.

ಫೋನು ಹೊರಗೆ ತೆಗೆಯಬೇಡಿ. ಪುಸ್ತಕ ಬಿಚ್ಚಿ ಬರೆಯಬೇಡಿ. ಹೊರಗೆ ಬಂದ ಮೇಲೆ ದಾರಿಯಲ್ಲಿ ನಿಂತು ಬರೆದುಕೊಳ್ಳಿ.

ಏನನ್ನೂ ಮಾತು ಕೊಡಬೇಡಿ. "ಮನೆ ರಿಪೇರಿ ಮಾಡಿಸುತ್ತೇವೆ" ಎಂದು ಬಾಯಿ ತಪ್ಪಿ ಹೇಳಿದರೆ ಅವರು ಮಳೆಗಾಲವಿಡೀ ಕಾಯುತ್ತಾರೆ. ಕೊಡಬಹುದಾದ ಮಾತು ಒಂದೇ: "ಬರುವ ಭಾನುವಾರ ಸಂಜೆ ಮತ್ತೆ ಬರುತ್ತೇವೆ." ಆ ಮಾತನ್ನು ಮಾತ್ರ ತಪ್ಪಿಸಬೇಡಿ. ಮಳೆ ಬಂದರೂ ಹೋಗಿ. ಎರಡನೇ ಭೇಟಿಯಲ್ಲೇ ಹೆಚ್ಚಿನವರು ನಿಜ ಹೇಳುವುದು.

ತಂಡ ಕೂತು ನಿರ್ಧರಿಸುವುದು

ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸೇರಿ. ಸಣ್ಣ ಪ್ರಾರ್ಥನೆ, ಆಮೇಲೆ ಒಂದೊಂದು ಮನೆಯ ವಿಷಯ. ಪ್ರತಿ ಮನೆಗೆ ಒಂದು ಸಂಖ್ಯೆ ಕೊಡಿ. ಪುಸ್ತಕದಲ್ಲಿ ಸಂಖ್ಯೆ ಮಾತ್ರ ಇರಲಿ. ಹೆಸರಿನ ಪಟ್ಟಿ ಒಬ್ಬರ ಹತ್ತಿರ, ಬೀಗದ ಒಳಗೆ. ವಾಟ್ಸಾಪ್ ಗುಂಪಿನಲ್ಲಿ ಯಾರ ಹೆಸರೂ, ಯಾರ ಕಾಯಿಲೆಯೂ ಬರಬಾರದು. ಒಂದು ಫಾರ್ವರ್ಡ್ ಆದರೆ ಊರೆಲ್ಲಾ ಹರಡುತ್ತದೆ.

ಪ್ರತಿ ಮನೆಗೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ವಾರವೇ ಆಗಬೇಕಾದದ್ದು ಏನು? ಸರ್ಕಾರದಿಂದ ಅವರಿಗೆ ಬರಬೇಕಾದದ್ದು ಏನಾದರೂ ನಿಂತಿದೆಯಾ? ಅವರ ಸ್ವಂತ ಜನ ಯಾರಿದ್ದಾರೆ, ಅವರ ಜೊತೆ ಮಾತಾಡಬಹುದಾ?

ದುಡ್ಡಿನ ವಿಷಯಕ್ಕೆ ಬರೋಣ. ವಿನ್ಸೆಂಟ್ ಸಭೆಯಲ್ಲಿ ಒಂದು ಒಳ್ಳೆಯ ರೂಢಿ ಇದೆ. ಸಭೆಯ ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ. ಎಲ್ಲರೂ ಮುಚ್ಚಿದ ಕೈ ಹಾಕುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಎಲ್ಲಾ ತಂಡಗಳೂ ಮಾಡಬಹುದು. ಇದರ ಜೊತೆಗೆ ಚರ್ಚಿನ ಬಡವರ ಡಬ್ಬಿ, ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲಿ ಮನೆಮನೆಯಲ್ಲಿ ಉಳಿಸಿದ್ದು, ಸಿಎಸ್‌ಐ ಸಭೆಗಳಲ್ಲಿ ಬೆಳೆ ಹಬ್ಬದ ಹರಾಜಿನ ಒಂದು ಪಾಲು.

ಲೆಕ್ಕ ಮಾತ್ರ ಗಾಜಿನ ಹಾಗೆ ಇರಲಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಪ್ರತಿ ಖರ್ಚಿಗೂ ರಸೀದಿ. ತಿಂಗಳಿಗೊಮ್ಮೆ ಪಾಲನಾ ಪರಿಷತ್ತಿಗೆ ಒಟ್ಟು ಮೊತ್ತ ಓದಿ ಹೇಳಿ, ಹೆಸರಿಲ್ಲದೆ. ಸಾಧ್ಯವಾದಷ್ಟು ಹಣವನ್ನು ಕೈಗೆ ಕೊಡದೆ ನೇರ ಮೆಡಿಕಲ್‌ಗೆ, ಶಾಲೆಗೆ, ದಿನಸಿ ಅಂಗಡಿಗೆ ಕಟ್ಟಿ. ಇದು ಅವರ ಮೇಲೆ ಅನುಮಾನ ಪಟ್ಟಲ್ಲ. ಕೈಯಲ್ಲಿ ಹಣ ಇದ್ದರೆ ಸಾಲಗಾರ ಬಾಗಿಲಿಗೆ ಬರುತ್ತಾನೆ, ಕುಡಿಯುವ ಗಂಡ ಕಿತ್ತುಕೊಳ್ಳುತ್ತಾನೆ. ಅಂಗಡಿಯಲ್ಲಿ ಖಾತೆ ಮಾಡಿಟ್ಟರೆ ಮನೆಯಾಕೆ ತನಗೆ ಬೇಕಾದದ್ದನ್ನು ತಾನೇ ಆರಿಸಬಹುದು.

ವಿದೇಶದ ಹಣದ ಬಗ್ಗೆ ಎಚ್ಚರ. ಗಲ್ಫ್‌ನಲ್ಲಿರುವ ನಮ್ಮ ಊರಿನವರು, ಭಾರತದ ಪಾಸ್‌ಪೋರ್ಟ್ ಇರುವವರು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆ ಎಂದು ಲೆಕ್ಕ ಹಿಡಿಯುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರ ಹಣ, ಅವರು ನಿಮ್ಮ ಸ್ವಂತ ಅಣ್ಣನೇ ಆಗಿದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ತಂಡದ ಖಾತೆಗೆ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಅನುಮಾನ ಬಂದರೆ ಧರ್ಮಕ್ಷೇತ್ರದ (ಡಯಾಸಿಸ್‌ನ) ಲೆಕ್ಕಿಗರನ್ನು ಕೇಳದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಅಕ್ಕಿ, ಬಟ್ಟೆ, ಊಟ

ಕಿಟ್ ಕೊಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಕೇಳಿ ಕೊಡಿ ಎನ್ನುತ್ತಿದ್ದೇನೆ. ನಮ್ಮ ಕಡೆಯ ಅಜ್ಜಿಗೆ ಕುಚ್ಚಲಕ್ಕಿ ಬೇಕು, ಬಿಳಿ ಅಕ್ಕಿ ಕೊಟ್ಟರೆ ಗಂಜಿ ಸೇರುವುದಿಲ್ಲ. ಉತ್ತರ ಕರ್ನಾಟಕದವರಿಗೆ ಜೋಳದ ಹಿಟ್ಟು ಕೊಟ್ಟರೆ ಅವರ ಮುಖ ನೋಡಿ. ಸಕ್ಕರೆ ಕಾಯಿಲೆಯವರಿಗೆ ಎರಡು ಕಿಲೋ ಸಕ್ಕರೆ ಕೊಟ್ಟು ಬರುವುದು ಸಹಾಯ ಅಲ್ಲ, ಅಲ್ವಾ? ಒಬ್ಬರೇ ಇರುವ ಮನೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ ಅಥವಾ ಹೆಸರುಕಾಳು, ಒಂದು ಲೀಟರ್ ಎಣ್ಣೆ, ಚಹಾಪುಡಿ, ಉಪ್ಪು, ಸೋಪು ಸಾಕಾಗುತ್ತದೆ. ಜಾಸ್ತಿ ಕೊಟ್ಟರೆ ಮಳೆಗಾಲದಲ್ಲಿ ಹುಳ ಬೀಳುತ್ತದೆ. ಹೆಣ್ಣುಮಕ್ಕಳಿರುವ ಮನೆಯಾದರೆ ಪ್ಯಾಡ್ ಸೇರಿಸಿ. ಇದನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಬೇಕು.

ಹಳೆಯ ಬಟ್ಟೆಗೆ ಒಂದೇ ಅಳತೆ: ನಿಮ್ಮ ತಂಗಿಗೆ ಕೊಡುತ್ತೀರಾ? ಹಾಗಿದ್ದರೆ ತೊಳೆದು, ಇಸ್ತ್ರಿ ಮಾಡಿ ಕೊಡಿ. ಒಳ ಉಡುಪು ಯಾವಾಗಲೂ ಹೊಸದು.

ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದವರಿಗೆ ಊಟ ಕೊಡುವುದು ಒಳ್ಳೆಯ ಕೆಲಸ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ರೋಗಿಯ ಹಾಸಿಗೆ ಪಕ್ಕ ದಿನಗಟ್ಟಲೆ ಕೂತವರು ಚಹಾ ಬನ್‌ನಲ್ಲೇ ದಿನ ತಳ್ಳುತ್ತಾರೆ. ಆದರೆ ಆಡಳಿತದವರ ಅನುಮತಿ ಇಲ್ಲದೆ ಒಳಗೆ ಊಟ ಒಯ್ಯಬೇಡಿ. ಬೇರೆ ಸಂಸ್ಥೆಯವರು ಯಾವ ಹೊತ್ತಿಗೆ ಕೊಡುತ್ತಾರೆ ಎಂದು ಕೇಳಿ, ಖಾಲಿ ಇರುವ ಹೊತ್ತನ್ನು ಹಿಡಿಯಿರಿ. ರೋಗಿಗೆ ನರ್ಸ್ ಹೇಳದೆ ಏನೂ ಕೊಡಬೇಡಿ.

ಕಾಗದ ಪತ್ರದ ಕೆಲಸ

ತಂಡದ ಅರ್ಧ ಶಕ್ತಿಯನ್ನು ಇಲ್ಲಿ ಹಾಕಿ. ಇದರಲ್ಲಿ ಹೆಸರು ಬರುವುದಿಲ್ಲ, ಬೇಸರ ಜಾಸ್ತಿ. ಆದರೆ ಒಂದು ಪಿಂಚಣಿ ಮಂಜೂರಾದರೆ ನೀವು ಇಲ್ಲದಿದ್ದರೂ ಅದು ತಿಂಗಳು ತಿಂಗಳು ಬರುತ್ತದೆ.

ಪ್ರತಿ ಮನೆಯಲ್ಲೂ ಇವನ್ನು ನೋಡಿ. ರೇಷನ್ ಕಾರ್ಡ್ ಚಾಲ್ತಿಯಲ್ಲಿದೆಯಾ, ಎಲ್ಲರ ಇ-ಕೆವೈಸಿ ಆಗಿದೆಯಾ. 65 ದಾಟಿದ ಬಡ ಹಿರಿಯರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯಾ, ಅದು ತಿಂಗಳಿಗೆ 1200 ರೂಪಾಯಿ. ಗಂಡ ತೀರಿಕೊಂಡವರಿಗೆ ವಿಧವಾ ವೇತನ, ಅಂಗವಿಕಲರಿಗೆ ಅವರ ವೇತನ. ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2000 ರೂಪಾಯಿ. ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿ ಕೊಡಬೇಕು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ವಯಸ್ಸಿನ ದಾಖಲೆ, ವಿಧವೆಯಾದರೆ ಗಂಡನ ಮರಣ ಪತ್ರ ಜೊತೆಗಿರಲಿ. ಹಳೆಯ ಸಾವುಗಳಲ್ಲಿ ಮರಣ ಪತ್ರವೇ ಮಾಡಿಸಿರುವುದಿಲ್ಲ. ಅಲ್ಲಿಂದ ಶುರು ಮಾಡಬೇಕಾಗುತ್ತದೆ.

"ಮೊದಲು ಬರುತ್ತಿತ್ತು, ಈಗ ನಿಂತಿದೆ" ಎನ್ನುವವರು ತುಂಬಾ ಜನ. ಹೆಚ್ಚಾಗಿ ಕಾರಣ ಸಣ್ಣದು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ನಮ್ಮವರಲ್ಲಂತೂ ಜ್ಞಾನಸ್ನಾನದ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಪೋರ್ಚುಗೀಸ್ ಮನೆತನದ ಹೆಸರು ಎಲ್ಲಾ ಬೇರೆ ಬೇರೆ ಕಾಗುಣಿತದಲ್ಲಿ ಇರುತ್ತವೆ. ಡಿಸೋಜ ಒಂದೇ ನಾಲ್ಕು ಬಗೆ. ಇಲ್ಲವೇ ಎರಡು ಬ್ಯಾಂಕ್ ಖಾತೆ ಇದ್ದು, ಹಣ ಮರೆತುಹೋದ ಖಾತೆಗೆ ಬೀಳುತ್ತಿರುತ್ತದೆ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಹೊಲದಲ್ಲಿ ದುಡಿದು, ಬೀಡಿ ಕಟ್ಟಿ ಸವೆದ ಬೆರಳುಗಳು ಯಂತ್ರಕ್ಕೆ ಸಿಗುವುದಿಲ್ಲ. ಕಣ್ಣಿನ ಸ್ಕ್ಯಾನ್ ಅಥವಾ ಓಟಿಪಿ ಆಗುತ್ತದಾ ಎಂದು ಕೇಳಿ.

ಅರ್ಜಿ ಹಾಕಿದ ಮೇಲೆ ಸ್ವೀಕೃತಿ ಚೀಟಿಯ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮೂಲ ಯಾವಾಗಲೂ ಮನೆಯವರ ಕೈಯಲ್ಲೇ ಇರಬೇಕು. ಯಾರ ಎಟಿಎಂ ಕಾರ್ಡೂ, ಪಿನ್ ನಂಬರೂ ನಿಮ್ಮ ಬಳಿ ಇರಬಾರದು. ಅವರೇ ಒತ್ತಾಯ ಮಾಡಿದರೂ ಬೇಡ.

ಆಸ್ಪತ್ರೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಈ ಕ್ರಮ ಗೊತ್ತಿಲ್ಲದೆ ಸೀದಾ ಹೋಗಿ, ಬಿಲ್ ಕಟ್ಟಲು ಚಿನ್ನ ಅಡವಿಟ್ಟು, ಆಮೇಲೆ ಚರ್ಚಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ದಿನನಿತ್ಯದ ಬಿಪಿ, ಶುಗರ್ ಮಾತ್ರೆಗೆ ಜನೌಷಧಿ ಕೇಂದ್ರ ಹತ್ತಿರ ಇದೆಯಾ ನೋಡಿ. ವೈದ್ಯರನ್ನು ಕೇಳಿ ಅಲ್ಲಿಂದ ಕೊಂಡರೆ ತಿಂಗಳ ಖರ್ಚು ತುಂಬಾ ಇಳಿಯುತ್ತದೆ.

ಮಕ್ಕಳಿದ್ದೂ ನೋಡಿಕೊಳ್ಳದ ಹಿರಿಯರಿಗೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಆದರೆ ಮೊದಲು ಫಾದರ್ ಅಥವಾ ಕುಟುಂಬದ ಹಿರಿಯರು ಮಕ್ಕಳ ಜೊತೆ ಮಾತಾಡಲಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ನೆರವಿಗೆ 15100.

ಧರ್ಮದ ಮಾತು

ಇದನ್ನು ತಂಡದ ಮೊದಲ ಸಭೆಯಲ್ಲೇ ಬರೆದು ಸಹಿ ಹಾಕಿ. ಜಾತಿ, ಧರ್ಮ ಕೇಳದೆ ಸಹಾಯ ಮಾಡುತ್ತೇವೆ. ಸಹಾಯದ ಜೊತೆ ಪ್ರವಚನ, ಕರಪತ್ರ, ಚರ್ಚಿಗೆ ಬರುವ ಆಹ್ವಾನ ಯಾವುದೂ ಇರುವುದಿಲ್ಲ. ಬೇರೆ ಧರ್ಮದವರ ಮನೆಯಲ್ಲಿ ನಾವಾಗಿ ಪ್ರಾರ್ಥನೆ ಮಾಡುವುದಿಲ್ಲ. ಹಸಿದವರಿಗೆ ಅನ್ನ ಕೊಟ್ಟು ಅದಕ್ಕೆ ಬೆಲೆಯಾಗಿ ಅವರ ನಂಬಿಕೆಯನ್ನು ಕೇಳುವುದು ಯೇಸುವಿನ ದಾರಿ ಅಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಒಳ್ಳೆಯ ಸಮಾರಿಯನು ಗಾಯಗೊಂಡವನಿಗೆ ಎಣ್ಣೆ ಹಚ್ಚಿದ, ಛತ್ರಕ್ಕೆ ದುಡ್ಡು ಕಟ್ಟಿದ. ನೀನು ಯಾವ ದೇವಸ್ಥಾನಕ್ಕೆ ಹೋಗುತ್ತೀ ಎಂದು ಕೇಳಲಿಲ್ಲ.

ಇವತ್ತಿನ ದಿನದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಚರ್ಚಿನವರು ಅಕ್ಕಿ ಹಿಡಿದು ಮನೆಗೆ ಬಂದರೆ ಅನುಮಾನ ಹುಟ್ಟುವುದು ಸುಲಭ. ಅನುಮಾನದ ಪೆಟ್ಟು ಬೀಳುವುದು ನಿಮಗಿಂತ ಜಾಸ್ತಿ ಆ ಮನೆಯವರಿಗೆ. ಹಾಗಾಗಿ ಪಂಚಾಯತ್ ಸದಸ್ಯರಿಗೆ ಮೊದಲೇ ತಿಳಿಸಿ. ಊರಿನ ಯುವಕ ಮಂಡಲ, ಮಹಿಳಾ ಮಂಡಲ, ಮಸೀದಿಯ ಸಮಿತಿ, ದೇವಸ್ಥಾನದ ಅನ್ನದಾನದವರು, ಯಾರ ಜೊತೆ ಸೇರಿ ಮಾಡಲು ಆಗುತ್ತದೋ ಅವರ ಜೊತೆ ಸೇರಿ. ರಕ್ತದಾನ, ಕಣ್ಣಿನ ಪರೀಕ್ಷೆಯ ಶಿಬಿರಗಳಿಂದ ಆ ಗೆಳೆತನ ಶುರುವಾಗಬಹುದು.

ಮುಟ್ಟಬಾರದ ಗೆರೆಗಳು

ಮಕ್ಕಳ ಜೊತೆ ಒಬ್ಬರೇ, ಬಾಗಿಲು ಹಾಕಿಕೊಂಡು, ಯಾರೂ ಇರಬಾರದು. ಟ್ಯೂಷನ್ ಹೇಳಿಕೊಡುವುದಾದರೆ ಚರ್ಚಿನ ಹಾಲಿನಲ್ಲಿ, ಎಲ್ಲರ ಕಣ್ಣ ಮುಂದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ತಂಡದಲ್ಲಿ ಚರ್ಚೆ ಮಾಡುತ್ತಾ ಕೂರುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಚರ್ಚಿನ ಮರ್ಯಾದೆ ಎಂದು ಮುಚ್ಚಿಡುವುದು ಆ ಮಗುವಿಗೆ ಮಾಡುವ ಎರಡನೇ ಅನ್ಯಾಯ. ಹೊಡೆತ ತಿನ್ನುವ ಹೆಂಗಸಿಗೆ 181, ಜೀವಕ್ಕೆ ಅಪಾಯ ಇದ್ದರೆ 112. ಸಾಯುವ ಮಾತಾಡುವವರಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರುಗಳನ್ನು ತಂಡದ ಎಲ್ಲರೂ ಫೋನಿನಲ್ಲಿ ಇಟ್ಟುಕೊಂಡಿರಬೇಕು.

ಫೋಟೋ ಬೇಡ. ಚರ್ಚಿನ ಪತ್ರಿಕೆಗೂ ಬೇಡ, ದಾನಿಗಳಿಗೆ ಕಳಿಸಲೂ ಬೇಡ. ದಾನಿಗಳಿಗೆ ಲೆಕ್ಕ ಕಳಿಸಿ. ವೇದಿಕೆಗೆ ಕರೆದು ಕೊಡುವುದಂತೂ ಬೇಡವೇ ಬೇಡ. ಶಾಲೆಗೆ ಹೋಗುವ ಮಗನೊಬ್ಬ ತನ್ನ ಅಮ್ಮ ಎಲ್ಲರ ಮುಂದೆ ಚೀಲಕ್ಕೆ ಕೈ ಚಾಚುವುದನ್ನು ನೋಡುತ್ತಾ ನಿಂತಿರುತ್ತಾನೆ. ಅವನ ಗೆಳೆಯರೂ ನೋಡುತ್ತಿರುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಪ್ರತಿ ವರ್ಷ ವಿಭೂತಿ ಬುಧವಾರ ಓದಿಸಿಕೊಳ್ಳುವವರು ನಾವು.

ಅವರಿಂದಲೂ ಪಡೆಯಿರಿ

ಇದನ್ನು ಮಾರ್ಗದರ್ಶಿಗಳಲ್ಲಿ ಯಾರೂ ಬರೆಯುವುದಿಲ್ಲ, ಆದರೆ ನನಗೆ ಇದು ತುಂಬಾ ಮುಖ್ಯ. ನೀವು ಹೋಗುವ ಮನೆಯವರಿಗೆ ಏನೋ ಒಂದು ಬರುತ್ತದೆ. ಒಬ್ಬರು ಮಲ್ಲಿಗೆ ಕಟ್ಟುತ್ತಾರೆ, ಒಬ್ಬರಿಗೆ ಹಳೆಯ ಕೀರ್ತನೆಗಳು ಬಾಯಿಪಾಠ, ಒಬ್ಬರು ಉಪ್ಪಿನಕಾಯಿಯಲ್ಲಿ ಎತ್ತಿದ ಕೈ. ಕೇಳಿ ಮಾಡಿಸಿಕೊಳ್ಳಿ. ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಜನನದ ಹಬ್ಬ) ಮಕ್ಕಳಿಗೆ ಹೂವಿನ ಹಾಡು ಕಲಿಸಲು ಅಜ್ಜಿಯನ್ನು ಕರೆಯಿರಿ. ಹೊಲಿಗೆ ಬಲ್ಲ ಅಕ್ಕನಿಗೆ ಚರ್ಚಿನ ವಸ್ತ್ರಗಳನ್ನು ಹೊಲಿಯಲು ಕೊಟ್ಟು ನ್ಯಾಯವಾದ ಕೂಲಿ ಕೊಡಿ. ಸಹಾಯ ಪಡೆದ ಮನೆಯವರು ಒಬ್ಬರು ತಂಡಕ್ಕೇ ಸೇರಿದರೆ ನಿಮ್ಮ ತಂಡಕ್ಕೆ ಅವರಿಗಿಂತ ಒಳ್ಳೆಯ ಸದಸ್ಯರು ಸಿಗುವುದಿಲ್ಲ. ಯಾವ ಪ್ರಶ್ನೆ ನೋಯಿಸುತ್ತದೆ ಎಂಬುದು ಅವರಿಗೆ ಗೊತ್ತು.

ಮಗಳಿಗೆ ಕೆಲಸ ಸಿಕ್ಕಿತು, ಪಿಂಚಣಿ ಬಂತು, ಇನ್ನು ದಿನಸಿ ಬೇಡ ಎಂದಾಗ ದಿನಸಿ ನಿಲ್ಲಿಸಿ. ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಎರಡು ತಿಂಗಳಿಗೊಮ್ಮೆಯಾದರೂ ಹೋಗಿ ಬನ್ನಿ.

ವರ್ಷದ ಸರದಿ

ಕೊನೆಗೆ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಮನೆಯ ಮಾಡು (ಛಾವಣಿ) ನೋಡುವ ಕೆಲಸ. ಹೆಂಚು ಬದಲಿಸುವುದು, ಟಾರ್ಪಾಲು ಹಾಕುವುದು ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಅದೇ ಹೊತ್ತಿಗೆ ಶಾಲೆಯ ಪುಸ್ತಕ, ಯೂನಿಫಾರ್ಮ್, ಕೊಡೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೂಲಿ ಕೆಲಸ ಕಡಿಮೆ, ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೂ ರಜೆ, ಜ್ವರ ಜಾಸ್ತಿ. ಆಗ ಭೇಟಿಗಳನ್ನು ವಾರಕ್ಕೊಮ್ಮೆ ಮಾಡಿ. ಸೆಪ್ಟೆಂಬರ್ 27 ಸಂತ ವಿನ್ಸೆಂಟರ ಹಬ್ಬ. ಹೊಸ ಸ್ವಯಂಸೇವಕರನ್ನು ಕರೆಯಲು ಒಳ್ಳೆಯ ದಿನ. ನವೆಂಬರ್‌ನಲ್ಲಿ ಬಡವರ ವಿಶ್ವ ದಿನ ಬರುತ್ತದೆ. ಪೋಪ್ ಫ್ರಾನ್ಸಿಸ್ ಶುರು ಮಾಡಿದ್ದು, ಮೊದಲು ಆಚರಿಸಿದ್ದು 2017ರಲ್ಲಿ. ಆ ದಿನ ಭಾಷಣಕ್ಕಿಂತ ಒಂದು ಸಹಪಂಕ್ತಿ ಊಟ ಇಟ್ಟುಕೊಳ್ಳಿ. ಬಡಿಸುವವರು, ಉಣ್ಣುವವರು ಎಂದು ಬೇರೆ ಮಾಡದೆ ಒಟ್ಟಿಗೆ ಕೂರಿ.

ಡಿಸೆಂಬರ್‌ನಲ್ಲಿ ಎಲ್ಲರೂ ಕೊಡುತ್ತಾರೆ. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆ ಅಕ್ಕಪಕ್ಕದ ಮನೆಗೆ ಹೋದ ಹಾಗೆ ಈ ಮನೆಗಳಿಗೂ ಹೋಗಲಿ, ಅದೇ ತಟ್ಟೆ, ಅದೇ ತಿಂಡಿ. ಬಂದ ಹಣದಲ್ಲಿ ಅರ್ಧವನ್ನು ಮಾತ್ರ ಆ ತಿಂಗಳು ಖರ್ಚು ಮಾಡಿ. ಉಳಿದದ್ದನ್ನು ಜನವರಿ, ಫೆಬ್ರವರಿಗೆ ಎತ್ತಿಡಿ. ಆ ಎರಡು ತಿಂಗಳು ಡಬ್ಬಿಗೆ ಏನೂ ಬೀಳುವುದಿಲ್ಲ. ಹಾಗಾಗಿ ಜನವರಿಯ ಮೊದಲ ವಾರ ಯಾವ ಇಬ್ಬರು ಯಾವ ಮನೆಗೆ ಹೋಗಬೇಕು ಎಂಬ ಸರದಿಯನ್ನು ಕ್ರಿಸ್ಮಸ್ಸಿಗೆ ಮೊದಲೇ ಬರೆದಿಡಿ.